ಮೂರು ಲೀಟರ್ ಕಲ್ಚಟ್ಟಿ: ಹುಳಿಗೆ ಹತ್ತಕ್ಕೆ ಒಂಬತ್ತು, ಮಾರುವವರ ಮಾತಿಗೆ ಎರಡು

ಕಲ್ಚಟ್ಟಿ, ಅಂದರೆ ಬಳಪದ ಕಲ್ಲಿನಲ್ಲಿ ಕಡೆದ ಅಡುಗೆ ಪಾತ್ರೆ, ತೆಗೆದುಕೊಳ್ಳಬೇಕಾ ಬೇಡವಾ ಅಂತ ಯೋಚಿಸುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ತೆಗೆದುಕೊಳ್ಳಿ. ಆದರೆ ಆರೋಗ್ಯ ಸುಧಾರಿಸುತ್ತೆ ಅಂತ ತೆಗೆದುಕೊಳ್ಳಬೇಡಿ. ಹುಳಿ, ಗೊಜ್ಜು, ಬಸ್ಸಾರಿಗೆ ಅಂತ ತೆಗೆದುಕೊಳ್ಳಿ. ಬೆಳಿಗ್ಗೆ ಕುಕ್ಕರ್ ಕೂಗಿಸಿ, ಡಬ್ಬಿ ಕಟ್ಟಿಕೊಂಡು ಓಡುವ ಮನೆಯಾದರೆ ಇದು ಅಟ್ಟ ಸೇರುವುದು ಗ್ಯಾರಂಟಿ.

ನಾನು ಓದಿದ್ದು ಭೂವಿಜ್ಞಾನ, ಹೊಟ್ಟೆ ಹೊರೆದದ್ದು ಬ್ಯಾಂಕಿನಲ್ಲಿ. ರಿಟೈರ್ ಆದ ಮೇಲೆ ಅಡುಗೆಮನೆ ಅರ್ಧ ನನ್ನ ಪಾಲಿಗೆ ಬಂದಿದೆ. ಹಾಗಾಗಿ ಇಲ್ಲಿ ಪಾತ್ರೆಯ ಮಾತಿನ ಜೊತೆ ಕಲ್ಲಿನ ಮಾತೂ ಬರುತ್ತೆ. ಅದೇ ಜಾಸ್ತಿ ಆಯ್ತು ಅನ್ನಿಸಿದರೆ ಬೈದುಕೊಳ್ಳಿ, ಪರವಾಗಿಲ್ಲ. ಕಲ್ಲು ಗೊತ್ತಾದರೆ ಪಾತ್ರೆ ಆರಿಸುವುದೂ ಗೊತ್ತಾಗುತ್ತೆ, ಬಳಸುವುದೂ ಗೊತ್ತಾಗುತ್ತೆ. ಮಾರುವವರು ಹೇಳುವುದರಲ್ಲಿ ಯಾವುದು ಬೊಗಳೆ ಅನ್ನುವುದೂ ಗೊತ್ತಾಗುತ್ತೆ.

ನನ್ನದು ಮೂರು ಲೀಟರಿನದು. ಖಾಲಿ ಪಾತ್ರೆಯೇ ನಾಲ್ಕೂವರೆ ಕಿಲೋ. ಮೈಸೂರಿನಲ್ಲಿ ರಸ್ತೆ ಬದಿ ಒರಳು, ರುಬ್ಬುಗುಂಡು ಇಟ್ಟುಕೊಂಡು ಮಾರುವ ಒಬ್ಬರ ಹತ್ತಿರ ಕೊಂಡೆ. 1,800 ರೂಪಾಯಿ ಅಂದರು, 1,500ಕ್ಕೆ ಕೊಟ್ಟರು. "ಕಲ್ಲಿಗೆ ಇಷ್ಟು ದುಡ್ಡಾ?" ಅಂತ ನನ್ನ ಹೆಂಡತಿ ಕೇಳಿದಳು. ಈಗ ಪುಳಿಯೋಗರೆ ಗೊಜ್ಜು ಕಾಯಿಸುವ ದಿನ ನನಗೆ ಅದನ್ನು ಮುಟ್ಟಲು ಬಿಡುವುದಿಲ್ಲ.

ಇದಕ್ಕೂ ಮುಂಚೆ ಆನ್‌ಲೈನ್‌ನಲ್ಲಿ ಒಂದು ತರಿಸಿದ್ದೆ. ಆ ಅಂಗಡಿಯ ಹೆಸರು ಬೇಡ. ಫೋಟೋದಲ್ಲಿ ಕಪ್ಪಗೆ ಫಳಫಳ ಅನ್ನುತ್ತಿತ್ತು. "ಪಳಗಿಸಿ ಕಳಿಸುತ್ತೇವೆ, ಬಂದ ದಿನವೇ ಅಡುಗೆ ಮಾಡಬಹುದು" ಅಂತ ಬರೆದಿದ್ದರು, ಅದಕ್ಕೆ ದುಡ್ಡೂ ಜಾಸ್ತಿ. ಬಿಸಿನೀರಿನಲ್ಲಿ ನೆನೆಹಾಕಿ ಬಟ್ಟೆಯಲ್ಲಿ ಒರೆಸಿದರೆ ಕಪ್ಪೆಲ್ಲ ಬಟ್ಟೆಗೆ ಬಂತು. ತಳದಲ್ಲಿ ಒಂದು ಬಿರುಕು. ಅದಕ್ಕೆ ಕಲ್ಲಿನ ಪುಡಿ ಕಲಸಿದ ಯಾವುದೋ ಅಂಟು ಮೆತ್ತಿ, ಮೇಲೆ ಬಣ್ಣ ಬಳಿದಿದ್ದರು. ಉಗುರು ಹಾಕಿದರೆ ರಬ್ಬರಿನಂತೆ ಎದ್ದು ಬಂತು. ವಾಪಸ್ ತೆಗೆದುಕೊಳ್ಳಲಿಲ್ಲ. ಒಡೆಯುವ ವಸ್ತುವಿಗೆ ವಾಪಸಾತಿ ಇಲ್ಲವಂತೆ! ಈಗ ಅದರಲ್ಲಿ ಕರಿಬೇವಿನ ಸಸಿ ಇದೆ.

ಆದ್ದರಿಂದ ಕಪ್ಪು ಕಲ್ಚಟ್ಟಿ ಕೊಳ್ಳಬೇಡಿ. ಹೊಸ ಕಲ್ಲಿನ ನಿಜವಾದ ಬಣ್ಣ ಬೂದಿ, ಇಲ್ಲಾ ಬೂದಿಗೆ ಸ್ವಲ್ಪ ಹಸಿರು ಬೆರೆತದ್ದು. ಎಣ್ಣೆ ಕುಡಿದು, ಒಲೆ ಮೇಲೆ ಕೂತು ಕೂತು ಆಮೇಲೆ ಕಪ್ಪಾಗುತ್ತೆ. ಬೂದಿ ಬಣ್ಣದ್ದರಲ್ಲಿ ಬಿರುಕು ಬಚ್ಚಿಡಲು ಆಗುವುದಿಲ್ಲ.

ಆರಿಸುವಾಗ ನಾನು ಮಾಡಿದ್ದು ಇಷ್ಟು. ಪಾತ್ರೆ ಬೋರಲು ಹಾಕಿ ತಳವನ್ನು ಉಗುರಿನಲ್ಲಿ ಕೆರೆದೆ. ಬಿಳಿ ಗೀಟು ಬಿತ್ತು, ಉಗುರಿನ ಸಂದಿಗೆ ನುಣ್ಣನೆಯ ಪುಡಿ ಸೇರಿತು. ಆ ಪುಡಿಯನ್ನು ಹೆಬ್ಬೆರಳಲ್ಲಿ ತಿಕ್ಕಿದರೆ ಜಿಡ್ಡು ಜಿಡ್ಡು. ಸರಿ, ಇದು ಬಳಪದ ಕಲ್ಲೇ. ಖನಿಜಗಳ ಗಟ್ಟಿತನ ಅಳೆಯಲು ಮೋಸ್ ಅನ್ನುವ ಜರ್ಮನ್ ವಿಜ್ಞಾನಿ 1812ರಲ್ಲಿ ಮಾಡಿದ ಒಂದು ಪಟ್ಟಿ ಇದೆ, 1ರಿಂದ 10ರವರೆಗೆ. ವಜ್ರ 10. ನಮ್ಮ ಉಗುರು ಸುಮಾರು ಎರಡೂವರೆ. ಈ ಕಲ್ಲಿನ ಮುಖ್ಯ ಖನಿಜ ಟಾಲ್ಕ್, ಅದು 1. ಅದಕ್ಕಿಂತ ಮೆತ್ತಗಿನ ಖನಿಜವನ್ನು ಮೋಸ್ ಪಟ್ಟಿಗೆ ಸೇರಿಸಲೇ ಇಲ್ಲ. ಉಗುರಿಗೆ ಬಗ್ಗದ ಕಲ್ಲನ್ನು ಯಾರಾದರೂ ಕಲ್ಚಟ್ಟಿ ಅಂತ ಕೊಟ್ಟರೆ ಅದು ಬೇರೆ ಯಾವುದೋ ಕಲ್ಲು.

ಆಮೇಲೆ ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟಿದೆ. ಒಳಗೆ ಬಿರುಕಿಲ್ಲದಿದ್ದರೆ ಠಣ್ ಅನ್ನುತ್ತೆ, ಇದ್ದರೆ ಬೊದ್ದು ಸದ್ದು. ಬಿಸಿಲಿಗೆ ಹಿಡಿದು ಗೋಡೆ ನೋಡಿದೆ. ಬಾಯಂಚಿನಿಂದ ತಳದ ಕಡೆಗೆ ಇಳಿದ ಬಿಳಿ ಎಳೆ ಕಂಡರೆ ಬಿಟ್ಟುಬಿಡಿ. ನಾಳೆ ಒಡೆದರೆ ಅಲ್ಲೇ ಒಡೆಯುವುದು. ಜೇಬಿನಲ್ಲಿ ನಿಂಬೆಹಣ್ಣಿನ ಹೋಳು ಇಟ್ಟುಕೊಂಡು ಹೋಗಿದ್ದೆ, ಕೊನೆಗೆ ಒಂದು ಹನಿ ಹಿಂಡಿದೆ. ಅಂಗಡಿಯವರು ನನ್ನನ್ನು ಹುಚ್ಚ ಅಂದುಕೊಂಡಿರಬೇಕು. ಗುಳ್ಳೆ ಎದ್ದರೆ ಕಲ್ಲಿನಲ್ಲಿ ಕ್ಯಾಲ್ಸೈಟ್, ಅಂದರೆ ಸುಣ್ಣಕಲ್ಲಿನ ಖನಿಜ ಇದೆ ಅಂತ ಅರ್ಥ, ಹುಣಸೆ ಹುಳಿ ಅದನ್ನು ದಿನಾ ಚೂರು ಚೂರು ತಿನ್ನುತ್ತೆ. ಗುಳ್ಳೆ ಏಳಲಿಲ್ಲ. ಗಾಡಿಗೆ ಹಾಕಿಸಿಕೊಂಡೆ.

ಈಗ ಅಂಗಡಿಗಳಿಗೆ ಬರುವ ಪಾತ್ರೆಗಳು ಬಹುಪಾಲು ಸೇಲಂ ಕಡೆಯವು. ನನ್ನದೂ ಅಲ್ಲಿಯದೇ ಅಂದರು. ಆಶ್ಚರ್ಯ ಏನಿಲ್ಲ. ಸೇಲಂನ ಚಾಕ್ ಹಿಲ್ಸ್ ಮ್ಯಾಗ್ನಸೈಟ್ ಅನ್ನುವ ಮೆಗ್ನೀಸಿಯಂ ಖನಿಜಕ್ಕೆ ಹೆಸರುವಾಸಿ, ಬಳಪದ ಕಲ್ಲೂ ಅದೂ ಒಂದೇ ಬಳಗ. ಆದರೆ ಈ ಕಲ್ಲಿಗೆ ನಾವು ತಮಿಳುನಾಡಿನವರೆಗೆ ಹೋಗಬೇಕಾಗಿಲ್ಲ. ನಮ್ಮ ಹಾಸನ ಜಿಲ್ಲೆಯ ಹೊಲಗಳಲ್ಲಿ ನೇಗಿಲಿಗೆ ಸಿಗುತ್ತೆ.

ನಾನು ಹುಟ್ಟಿದ್ದು ಚನ್ನರಾಯಪಟ್ಟಣ ತಾಲೂಕಿನಲ್ಲಿ, ನುಗ್ಗೇಹಳ್ಳಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಊರ ಹಿಂದೆ ಒಂದು ಹಳೇ ಕಲ್ಲುಗುಂಡಿ ಇದೆ. ಮಳೆಗಾಲದಲ್ಲಿ ನೀರು ತುಂಬುತ್ತೆ, ಎಮ್ಮೆಗಳು ಬಿದ್ದುಕೊಂಡಿರುತ್ತವೆ. ಬೇಸಿಗೆಯಲ್ಲಿ ಇಳಿದು ನೋಡಿದರೆ ಗೋಡೆ ಪೂರ್ತಿ ಉಳಿಯ ಗೀಟು, ಓರೆಯಾಗಿ, ಒಂದರ ಪಕ್ಕ ಒಂದು. ಒಣಗಿದ ಕಡೆ ಬೂದಿ ಬಣ್ಣ, ತೇವ ಇರುವ ಕಡೆ ಹಸಿರು. ಒಂದು ಮೂಲೆಯಲ್ಲಿ ಅರ್ಧ ಬಿಡಿಸಿ ಬಿಟ್ಟ ಒಂದು ಗುಂಡನೆಯ ಬಿಲ್ಲೆ ಇದೆ. ಸುತ್ತಲೂ ಅಂಗೈ ಅಗಲದ ಕಾಲುವೆ ಕೊರೆದಿದ್ದಾರೆ, ತಳ ಮಾತ್ರ ಬಂಡೆಗೆ ಅಂಟಿಕೊಂಡಿದೆ. ಅಗಲ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, ದಪ್ಪ ಅರ್ಧ ಗೇಣು. ಕಂಬಕ್ಕೆ ಸಾಲದು, ಪಾತ್ರೆಗೆ ಸರಿಯಾದ ಅಳತೆ. ಅಡ್ಡಲಾಗಿ ಒಂದು ಬಿಳಿ ಎಳೆ ಹಾದುಹೋಗಿದೆ. ಅದನ್ನು ನೋಡಿದ ಕಲ್ಲುಕುಟಿಗ ಉಳಿ ಎತ್ತಿಕೊಂಡು ಬೇರೆ ಕಡೆ ಹೋಗಿರಬೇಕು. ನಾನು ಅಂಗಡಿಯಲ್ಲಿ ಬಿಸಿಲಿಗೆ ಹಿಡಿದು ನೋಡಿದ್ದು ಇದನ್ನೇ.

ಸ್ಕೂಲಿಗೆ ಬಳಪ ನಮಗೆ ಈ ಗುಂಡಿಯಿಂದಲೇ ಬರುತ್ತಿತ್ತು. ಅಂಗಡಿಯದು ತೆಳ್ಳಗೆ, ಪಟ್ ಅಂತ ಮುರಿಯುತ್ತಿತ್ತು. ನಮ್ಮದು ದಪ್ಪ, ಸ್ಲೇಟಿನ ಮೇಲೆ ಕಿರ್ ಅನ್ನುತ್ತಿರಲಿಲ್ಲ. ಸ್ಲೇಟು ಬರುವ ಮುಂಚೆಯೂ ನಮ್ಮ ಕಡೆ ಬಳಪ ಇತ್ತು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಸಿ ಕಡತ ಮಾಡುತ್ತಿದ್ದರು. ಅಂಗಡಿ ಲೆಕ್ಕ, ಊರ ಲೆಕ್ಕ ಎಲ್ಲ ಅದರ ಮೇಲೆ ಬಳಪದಲ್ಲಿ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಶೃಂಗೇರಿ ಮಠದಲ್ಲಿ ಹಳೆಯ ಕಡತಗಳು ಈಗಲೂ ಇವೆ.

ನಮ್ಮೂರ ಕಡೆಯ ಈ ಜಾಗಕ್ಕೆ ಭೂವಿಜ್ಞಾನದಲ್ಲಿ ನುಗ್ಗೇಹಳ್ಳಿ ಶಿಸ್ಟ್ ಪಟ್ಟಿ ಅಂತಲೇ ಹೆಸರು. ಶಿಸ್ಟ್ ಅಂದರೆ ಪದರ ಪದರವಾಗಿ ಸೀಳುವ ಕಲ್ಲು. ಅರಸೀಕೆರೆ ಕಡೆಯಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್ ಉದ್ದ, ಅಗಲ ಮಾತ್ರ ಒಂದೆರಡು ಕಿಲೋಮೀಟರ್. ಎರಡೂ ಬದಿಗೆ ಗ್ನೈಸ್, ಅಂದರೆ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿದೆಯಲ್ಲ, ಆ ಜಾತಿಯ ಬಂಡೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ನುಗ್ಗೇಹಳ್ಳಿ ಪಟ್ಟಿಯ ಕಲ್ಲು ಅದಕ್ಕೂ ಹಳೇದು.

ಆ ಕಾಲಕ್ಕೆ ಭೂಮಿಯ ಒಳಗಿನ ಕಾವು ಈಗಿನದಕ್ಕಿಂತ ಬಹಳ ಜಾಸ್ತಿ. ಹವಾಯಿಯಲ್ಲಿ ಇವತ್ತು ಹರಿಯುವ ಲಾವಾ 1200 ಡಿಗ್ರಿಯ ಆಸುಪಾಸು. ಆಗ ಉಕ್ಕುತ್ತಿದ್ದದ್ದು 1600ರ ಹತ್ತಿರ. ಅದರಲ್ಲಿ ಮೆಗ್ನೀಸಿಯಂ ತುಂಬಿಕೊಂಡಿತ್ತು. ಅಂಥ ಲಾವಾದ ಕಲ್ಲಿಗೆ ಕೊಮಾಟಿಯೈಟ್ ಅನ್ನುತ್ತಾರೆ, ದಕ್ಷಿಣ ಆಫ್ರಿಕಾದ ಕೊಮಾಟಿ ಹೊಳೆಯ ದಂಡೆಯಲ್ಲಿ ಮೊದಲು ಗುರುತಿಸಿದ್ದರಿಂದ ಆ ಹೆಸರು. ಸ್ವಲ್ಪ ಲಾವಾ ಮೇಲೆ ಹರಿಯಿತು, ಸ್ವಲ್ಪ ಒಳಗೇ ಹೆಪ್ಪುಗಟ್ಟಿತು. ಎರಡೂ ಗಟ್ಟಿ ಕಪ್ಪು ಕಲ್ಲು, ಉಗುರಿಗೆ ಜಗ್ಗುವಂಥದ್ದಲ್ಲ.

ಮೆತ್ತಗೆ ಮಾಡಿದ್ದು ನೀರು. ಭೂಮಿ ಮಡಿಚಿಕೊಂಡಾಗ ಈ ಕಲ್ಲು ಒತ್ತಡಕ್ಕೆ ಸಿಕ್ಕಿತು, ಸಂದಿಗಳಲ್ಲಿ ಕುದಿನೀರು, ಇಂಗಾಲದ ಡೈಆಕ್ಸೈಡ್ ನುಗ್ಗಿದವು. ಒಲಿವಿನ್ ಅನ್ನುವ ಖನಿಜ ಮೊದಲು ಸರ್ಪೆಂಟೈನ್ ಆಯಿತು, ಆಮೇಲೆ ಟಾಲ್ಕ್ ಮತ್ತು ಮ್ಯಾಗ್ನಸೈಟ್. ಅಲ್ಯೂಮಿನಿಯಂ ಸಿಕ್ಕ ಕಡೆ ಹಸಿರು ಕ್ಲೋರೈಟ್ ಬೆಳೆಯಿತು. ಟಾಲ್ಕಿನ ಒಳರಚನೆ ಪದರ ಪದರ. ಒಂದೊಂದು ಪದರವೂ ಗಟ್ಟಿಯೇ, ಪದರ ಪದರದ ನಡುವೆ ಮಾತ್ರ ಹಿಡಿತ ಇಲ್ಲ, ತುಪ್ಪ ಸವರಿ ಒಂದರ ಮೇಲೊಂದು ಪೇರಿಸಿದ ಹೋಳಿಗೆಗಳ ಹಾಗೆ ಜಾರುತ್ತವೆ. ಬಳಪ ಸ್ಲೇಟಿನ ಮೇಲೆ ಬರೆಯುವುದೂ, ಕಲ್ಚಟ್ಟಿ ಕೈಗೆ ಜಿಡ್ಡು ಅನ್ನಿಸುವುದೂ, ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ನುಣ್ಣಗಿರುವುದೂ ಇದರಿಂದಲೇ.

ಒಂದು ತಮಾಷೆ ಕೇಳಿ. ಇದೇ ಪಟ್ಟಿಯಲ್ಲಿ ಬೈರಾಪುರದ ಕ್ರೋಮೈಟ್ ಗಣಿ ಇದೆ. ಕ್ರೋಮೈಟ್‌ನಿಂದ ಕ್ರೋಮಿಯಂ, ಕ್ರೋಮಿಯಂ ಇಲ್ಲದೆ ಸ್ಟೇನ್‌ಲೆಸ್ ಸ್ಟೀಲ್ ಇಲ್ಲ. ಅಡುಗೆಮನೆಯಿಂದ ಕಲ್ಚಟ್ಟಿಯನ್ನು ಓಡಿಸಿದ್ದು ಸ್ಟೀಲ್ ಪಾತ್ರೆ ತಾನೇ? ಇಬ್ಬರೂ ಒಂದೇ ಮನೆತನದವರು.

ನುಗ್ಗೇಹಳ್ಳಿಯಲ್ಲಿ ಒಂದು ಹೊಯ್ಸಳ ಗುಡಿ ಇದೆ, ಲಕ್ಷ್ಮೀನರಸಿಂಹನದು, 1246ರದು. ಬೇಲೂರು, ಹಳೇಬೀಡಿಗೆ ಹೋಗುವ ಬಸ್ಸುಗಳು ಇಲ್ಲಿ ನಿಲ್ಲುವುದಿಲ್ಲ. ನಿಲ್ಲದಿರುವುದೇ ವಾಸಿ, ಆರಾಮಾಗಿ ನೋಡಬಹುದು. ಹೊರಗೋಡೆಯ ಒಂದು ಬದಿ ಶಿಲ್ಪಿ ಬೈಚೋಜನದು, ಇನ್ನೊಂದು ಬದಿ ಶಿಲ್ಪಿ ಮಲ್ಲಿತಮ್ಮನದು. ಕೈಚಳಕ ಬೇರೆ ಬೇರೆ ಅಂತ ಸುಮ್ನೆ ಸುತ್ತು ಹಾಕಿದರೂ ಕಾಣುತ್ತೆ. ಹನ್ನೆರಡು ವರ್ಷ ಆದ ಮೇಲೆ, 1258ರ ಸೋಮನಾಥಪುರದಲ್ಲೂ ಮಲ್ಲಿತಮ್ಮನ ಸಹಿ ಸಿಗುತ್ತೆ, ವಿಗ್ರಹಗಳ ಪೀಠದ ಮೇಲೆ. ನಮ್ಮೂರ ಗುಂಡಿಯ ಕಲ್ಲೇ ನುಗ್ಗೇಹಳ್ಳಿ ಗುಡಿಗೆ ಹೋಯಿತು ಅಂತ ಊರಲ್ಲಿ ಎಲ್ಲರೂ ಎದೆ ತಟ್ಟಿಕೊಂಡು ಹೇಳುತ್ತಾರೆ. ಊರವರ ಹೆಮ್ಮೆ, ನಾನು ತಡೆಯುವುದಿಲ್ಲ.

ಗುಡಿಗೆ ಈ ಕಲ್ಲು ಬಳಸುವ ಪದ್ಧತಿ ಹೊಯ್ಸಳರದಲ್ಲ, ಅವರಿಗಿಂತ ಹಿಂದಿನದು. ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲಿ ಇರುವುದು ಕೆಂಪು ಮರಳುಗಲ್ಲು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಕಲ್ಲು ಬದಲಾಯಿತು. ಅಣ್ಣಿಗೇರಿಯ ಅಮೃತೇಶ್ವರ ಗುಡಿ 1050ರ ಸುಮಾರಿನದು, ಬಳಪದ ಕಲ್ಲಿನಲ್ಲಿ ಕಟ್ಟಿದ ಮೊದಲ ದೊಡ್ಡ ಗುಡಿ ಅಂತ ಅದನ್ನು ಎಣಿಸುತ್ತಾರೆ. ಆಮೇಲೆ ಲಕ್ಕುಂಡಿ, 1112ರಲ್ಲಿ ಇಟಗಿಯ ಮಹಾದೇವ. ಇಟಗಿಯ ಶಾಸನವೇ ಆ ಗುಡಿಯನ್ನು ದೇವಾಲಯ ಚಕ್ರವರ್ತಿ ಅನ್ನುತ್ತೆ. ಹಾವೇರಿ, ಹಾನಗಲ್, ಸವಣೂರು ಕಡೆ ಈ ಕಲ್ಲು ಧಾರಾಳ. ಮರಳುಗಲ್ಲಿನಲ್ಲಿ ಕಾಳು ಕಾಳು ಎದ್ದು ಬರುತ್ತೆ, ಸಣ್ಣ ಕೆಲಸ ನಿಲ್ಲುವುದಿಲ್ಲ. ಬಳಪದ ಕಲ್ಲಿನಲ್ಲಿ ಬೇಲೂರಿನ ಮದನಿಕೆಯ ಬಳೆಯನ್ನು ಮೈಯಿಂದ ಬಿಡಿಸಿ ಕೊರೆಯಬಹುದು. ಗುಂಡಿಯಿಂದ ಹೊಸದಾಗಿ ತೆಗೆದಾಗ ಕಲ್ಲಿನಲ್ಲಿ ತೇವ ಇರುತ್ತೆ, ಉಳಿಗೆ ಸಲೀಸು. ಗಾಳಿ ಬಿಸಿಲಿಗೆ ತೇವ ಆರಿದ ಮೇಲೆ ಬಿಗಿಯಾಗುತ್ತೆ. ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ 2023ರಲ್ಲಿ ಯುನೆಸ್ಕೋ ಪಟ್ಟ ಸಿಕ್ಕಿತಲ್ಲ, ಅದರಲ್ಲಿ ಅರ್ಧ ಪಾಲು ಈ ಕಲ್ಲಿಗೂ ಸಲ್ಲಬೇಕು. ಗುಡಿಯ ಕಲ್ಲಿನಲ್ಲಿ ಕ್ಲೋರೈಟ್ ಜಾಸ್ತಿ, ಹಾಗಾಗಿ ನೀಲಿ ಹಸಿರು, ಉಗುರಿಗೆ ಸ್ವಲ್ಪ ಗಟ್ಟಿ. ಪಾತ್ರೆಗೆ ಆರಿಸುವ ಕಲ್ಲಿನಲ್ಲಿ ಟಾಲ್ಕ್ ಜಾಸ್ತಿ.

ನನ್ನ ಕಲ್ಚಟ್ಟಿಯ ಒಳಮೈಯನ್ನು ಟಾರ್ಚ್ ಹಾಕಿ ನೋಡಿದರೆ ತಳದ ನಡುವಿನಿಂದ ಬಾಯಿಯವರೆಗೆ ಉಂಗುರ ಉಂಗುರವಾಗಿ ಸಣ್ಣ ಗೆರೆಗಳಿವೆ. ತಿರುಗಿಸುತ್ತಾ ಕಡೆದ ಗುರುತು. ಹಳೇಬೀಡಿನ ಕಂಬದ ಕುತ್ತಿಗೆಯ ಹತ್ತಿರ ಕೈಯಾಡಿಸಿದರೆ ಇದೇ ಗೆರೆ. ಆ ಕಂಬಗಳನ್ನೂ ತಿರುಗಿಸಿಯೇ ಕಡೆದದ್ದು. ಅಲ್ಲಿ ಹೊಳಪು ಕೊಟ್ಟು ಮುಗಿಸಿದರು, ನನ್ನದಕ್ಕೆ ಕೊಡಲಿಲ್ಲ, ಅಷ್ಟೇ ವ್ಯತ್ಯಾಸ. ಒಳಗಿನ ಗೆರೆಗಳನ್ನು ಉಜ್ಜಿ ನುಣ್ಣಗೆ ಮಾಡಬೇಕು ಅನ್ನಿಸಿದರೆ ವಾಟರ್ ಪೇಪರ್ ಅನ್ನುವ ಉಜ್ಜುಕಾಗದದಲ್ಲಿ, ನೀರು ಹಾಕಿಯೇ ಉಜ್ಜಿ. ಒಣ ಪುಡಿ ಎಬ್ಬಿಸಬೇಡಿ. ಈ ಜಾತಿಯ ಕಲ್ಲಿನಲ್ಲಿ ಟಾಲ್ಕ್ ಜೊತೆ ಕೆಲವು ಸಲ ಟ್ರೆಮೊಲೈಟ್ ಅನ್ನುವ ನಾರಿನಂಥ ಖನಿಜ ಇರುತ್ತೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಪಾತ್ರೆಯಲ್ಲಿ ಬೇಯಿಸಿ ತಿನ್ನುವುದಕ್ಕೆ ಹೆದರಬೇಕಾಗಿಲ್ಲ. ಮೂಗಿಗೆ ಬಟ್ಟೆಯೂ ಇಲ್ಲದೆ ಇಡೀ ದಿನ ಕಡೆಯುವವರನ್ನು ನೆನೆದರೆ ಮಾತ್ರ ಚೌಕಾಸಿ ಮಾಡಿದ 300 ರೂಪಾಯಿ ಚುಚ್ಚುತ್ತೆ.

ಪಳಗಿಸುವುದು ಕಷ್ಟ ಅಂತ ಎಲ್ಲರೂ ಹೆದರಿಸುತ್ತಾರೆ. ಕಷ್ಟ ಏನಿಲ್ಲ, ತಾಳ್ಮೆ ಬೇಕು. ಅಕ್ಕಿ ತೊಳೆದ ನೀರು ಇಲ್ಲಾ ಗಂಜಿ ತುಂಬಿಸಿ ಒಂದು ವಾರ ಇಡಿ, ದಿನಾ ಬದಲಾಯಿಸಿ. ಆಮೇಲೆ ನೆರಳಲ್ಲಿ ಪೂರ್ತಿ ಒಣಗಿಸಿ, ಒಳಗೂ ಹೊರಗೂ ಹರಳೆಣ್ಣೆಗೆ ಅರಿಶಿನ ಕಲಸಿ ಹಚ್ಚಿ. ಎಣ್ಣೆ ಹೀರಿಕೊಂಡ ಮೇಲೆ ಮತ್ತೆ ಹಚ್ಚಿ. ಎಣ್ಣೆ ಹೀರುವುದು ನಿಂತಾಗ ನೀರು ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ, ಒಲೆ ಆರಿಸಿ, ಅಲ್ಲೇ ತಣ್ಣಗಾಗಲು ಬಿಡಿ. ಗಂಜಿ, ಎಣ್ಣೆ ಕಲ್ಲಿನ ಸಣ್ಣ ಸಣ್ಣ ತೂತುಗಳನ್ನು ಮುಚ್ಚುತ್ತವೆ. ಅಲ್ಲಿ ನೀರು ಉಳಿದು ಮೊದಲ ಸಲವೇ ಜೋರು ಉರಿ ಕೊಟ್ಟರೆ ನೀರು ಆವಿಯಾಗಿ ಕಲ್ಲನ್ನು ಒಳಗಿನಿಂದ ದೂಡುತ್ತೆ. ಒಡೆಯುವುದು ಹಾಗೆ. ಬೆಂಕಿಗೆ ಹೆದರುವ ಕಲ್ಲಲ್ಲ ಇದು. ಟಾಲ್ಕ್ ಕೆಡಲು 800 ಡಿಗ್ರಿ ದಾಟಬೇಕು, ನಮ್ಮ ಗ್ಯಾಸ್ ಒಲೆಯ ಮೇಲೆ ಕುದಿಯುವ ಹುಳಿ ಇರುವ ಪಾತ್ರೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹೆದರುವುದು ಅವಸರಕ್ಕೆ. ಬಿಸಿ ಪಾತ್ರೆಗೆ ತಣ್ಣೀರು ಸುರಿದರೆ, ಒಣ ಪಾತ್ರೆಯನ್ನು ದೊಡ್ಡ ಉರಿಗೆ ಇಟ್ಟರೆ ಪದರ ಬಿಡುತ್ತೆ.

ಈಗ ಹುಳಿ. ಬೇಳೆಯನ್ನು ಕುಕ್ಕರಿನಲ್ಲೇ ಬೇಯಿಸಿಕೊಳ್ಳಿ, ಕಲ್ಚಟ್ಟಿಯಲ್ಲಿ ಬೇಳೆ ಬೇಯಿಸಲು ಕೂತರೆ ಗ್ಯಾಸ್ ಖಾಲಿ. ತರಕಾರಿ, ಹುಣಸೆರಸ, ಉಪ್ಪು, ಬೆಲ್ಲ ಕಲ್ಚಟ್ಟಿಯಲ್ಲಿ. ಮೊದಲ ಕುದಿ ಬರಲು ಸ್ಟೀಲಿಗಿಂತ ಎರಡರಷ್ಟು ಹೊತ್ತು ಹಿಡಿಯುತ್ತೆ. ಕುದಿ ಬಂದ ಮೇಲೆ ಉರಿ ಸಣ್ಣಗೆ ಮಾಡಿದರೂ ಕುದಿ ನಿಲ್ಲುವುದಿಲ್ಲ. ಬೇಳೆ, ರುಬ್ಬಿದ ಮಸಾಲೆ ಸೇರಿಸಿ, ಒಂದು ಕುದಿ ಬಂದ ತಕ್ಷಣ ಆರಿಸಿಬಿಡಿ. ಪೂರ್ತಿ ಹದ ಬರುವವರೆಗೆ ಕಾಯಬೇಡಿ. ಒಲೆ ಆರಿದ ಮೇಲೂ ಹುಳಿ ಹತ್ತು ನಿಮಿಷ ಗುಳುಗುಳು ಅನ್ನುತ್ತಲೇ ಇರುತ್ತೆ. ಆ ಹತ್ತು ನಿಮಿಷದಲ್ಲಿ ಕುಂಬಳಕಾಯಿ ಹೋಳಿನ ಒಳಗೆ ಉಪ್ಪು ಹುಳಿ ಇಳಿಯುತ್ತೆ, ಹೋಳು ಮಾತ್ರ ಕರಗುವುದಿಲ್ಲ. ಸ್ಟೀಲ್ ಪಾತ್ರೆಯ ಹುಳಿಯಲ್ಲಿ ಎರಡೂ ಒಟ್ಟಿಗೆ ಸಿಗುವುದು ಅಪರೂಪ. ಒಗ್ಗರಣೆ ಬೇರೆ ಸೌಟಿನಲ್ಲಿ ಮಾಡಿ ಮೇಲೆ ಹಾಕಿ. ಕಲ್ಚಟ್ಟಿಯಲ್ಲೇ ಎಣ್ಣೆ ಕಾಯಿಸುವುದು ಬೇಡ.

ಗೊಜ್ಜಿಗಂತೂ ಇದನ್ನು ಮೀರಿಸಿದ್ದಿಲ್ಲ. ಪುಳಿಯೋಗರೆ ಗೊಜ್ಜು ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿ ಕೂತರೂ ತಳ ಹಿಡಿಯಲಿಲ್ಲ. ಕಲ್ಲಿನಲ್ಲಿ ಶಾಖ ನಿಧಾನವಾಗಿ ಹರಿಯುತ್ತೆ, ಗೋಡೆ ಬೇರೆ ದಪ್ಪ. ಸ್ಟೀಲ್ ಪಾತ್ರೆಯ ತಳದಲ್ಲಿ ಉರಿ ತಾಗುವ ಕಡೆ ಮಾತ್ರ ಕೆಂಡವಾಗುತ್ತಲ್ಲ, ಆ ಕಾಟ ಇಲ್ಲ. ಮೆಂತ್ಯದ ಗೊಜ್ಜು, ಹಾಗಲಕಾಯಿ ಗೊಜ್ಜು ಎರಡೂ ಚೆನ್ನಾಗಿ ಬಂದವು. ಮೊಸರು ಹೆಪ್ಪು ಹಾಕಿ ನೋಡಿದೆ, ಬೇಸಿಗೆಯಲ್ಲೂ ಬೇಗ ಹುಳಿಯಾಗಲಿಲ್ಲ. ಆದರೆ ಹುಳಿ ಮಾಡುವ ಪಾತ್ರೆಯಲ್ಲಿ ಮೊಸರು ಹಾಕಿದರೆ ಇಂಗಿನ ವಾಸನೆ ಬರುತ್ತೆ. ಮೊಸರಿಗೆ ಬೇರೆಯದೇ ಬೇಕು. ನಮ್ಮ ಮಲೆನಾಡಿನ ನೆಂಟರ ಮನೆಗಳಲ್ಲಿ ಕಲ್ಲುಮರಿಗೆ, ಅಂದರೆ ಇಂಥದೇ ಕಲ್ಲಿನ ಪಾತ್ರೆ, ಒಂದಲ್ಲ, ಸಾಲಾಗಿ ಇಟ್ಟಿರುತ್ತಿದ್ದದ್ದು ಸುಮ್ನೆ ಅಲ್ಲ. ಅನ್ನ, ಹಾಲು, ಪಲ್ಯಕ್ಕೆ ಇದನ್ನು ಬಳಸಬೇಡಿ, ಏನೂ ಲಾಭ ಇಲ್ಲ.

ಮಾರುವವರ ಮಾತಿಗೆ ಯಾಕೆ ಎರಡೇ ಅಂಕ ಅಂದರೆ, ಅವರು ಎರಡು ಮಾತು ಒಟ್ಟಿಗೆ ಹೇಳುತ್ತಾರೆ. ಒಂದು, ಈ ಕಲ್ಲು ಹುಳಿಗೆ, ಉಪ್ಪಿಗೆ ಜಗ್ಗುವುದಿಲ್ಲ. ಎರಡು, ಇದರಲ್ಲಿ ಬೇಯಿಸಿದರೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಊಟಕ್ಕೆ ಸೇರುತ್ತೆ. ಜಗ್ಗದಿದ್ದರೆ ಸೇರುವುದು ಹೇಗೆ ಸ್ವಾಮಿ? ಮೊದಲನೇ ಮಾತು ನಿಜ. ಟಾಲ್ಕ್ ನೀರಿನಲ್ಲೂ ಕರಗುವುದಿಲ್ಲ, ಹುಣಸೆರಸದಲ್ಲೂ ಕರಗುವುದಿಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲಿ, ಕಲಾಯಿ ಹೋದ ತಾಮ್ರದಲ್ಲಿ ಹುಳಿ ಕೆಡುತ್ತೆ, ಇದರಲ್ಲಿ ಕೆಡುವುದಿಲ್ಲ. ಅಲ್ಲಿಗೆ ಎರಡನೇ ಮಾತು ಬಿದ್ದುಹೋಯಿತು.

ಇನ್ನೊಂದು, ಕಲ್ಲಿನಲ್ಲಿ ಏನೋ ವಿಶೇಷ ಶಕ್ತಿ ಇದೆ, ಅದಕ್ಕೇ ಬಿಸಿ ಉಳಿಯುತ್ತೆ ಅನ್ನುವುದು. ಲೆಕ್ಕ ಸರಳ. ಒಂದು ಕಿಲೋ ಈ ಕಲ್ಲನ್ನು ಒಂದು ಡಿಗ್ರಿ ಬಿಸಿ ಮಾಡಲು, ಒಂದು ಕಿಲೋ ಕಬ್ಬಿಣಕ್ಕೆ ಬೇಕಾಗುವ ಶಾಖದ ಸುಮಾರು ಎರಡರಷ್ಟು ಬೇಕು. ಅಷ್ಟು ಕಲ್ಲಿನ ಗುಣ. ಉಳಿದದ್ದು ತೂಕ. ನಾಲ್ಕೂವರೆ ಕಿಲೋ ಕಲ್ಚಟ್ಟಿಯನ್ನು ಒಂದು ಕಿಲೋ ಸ್ಟೀಲ್ ಪಾತ್ರೆಯ ಪಕ್ಕ ಇಟ್ಟರೆ, ಕಲ್ಲಿನಲ್ಲಿ ಒಂಬತ್ತು ಪಟ್ಟು ಶಾಖ ಕೂತಿರುತ್ತೆ. ಅದನ್ನು ಒಳಗೆ ತುಂಬಿದ್ದು ನಿಮ್ಮ ಗ್ಯಾಸೇ. ಗ್ಯಾಸ್ ಉಳಿಯುತ್ತೆ ಅನ್ನುವ ಮಾತೂ ಬೇಗ ಆರಿಸಿದರೆ ಮಾತ್ರ ನಿಜ. ಸ್ಟೀಲ್ ಪಾತ್ರೆಯ ಅಭ್ಯಾಸದಲ್ಲಿ ಕೊನೆಯವರೆಗೆ ಉರಿಸಿದರೆ ಜಾಸ್ತಿಯೇ ಖರ್ಚಾಗುತ್ತೆ.

ತೊಳೆಯುವುದು ಸುಲಭ. ಸೋಪು ಬೇಡ, ಕಲ್ಲು ಅದನ್ನು ಹೀರಿಕೊಂಡು ಮಾರನೇ ದಿನದ ಹುಳಿಗೆ ವಾಪಸ್ ಕೊಡುತ್ತೆ. ಪಾತ್ರೆ ತಣ್ಣಗಾದ ಮೇಲೆ ಕಡಲೆಹಿಟ್ಟೋ ಸೀಗೆಪುಡಿಯೋ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿ. ಸ್ಟೀಲ್ ಉಜ್ಜುಗ ಮುಟ್ಟಿಸಬೇಡಿ, ಉಗುರಿಗೇ ಗೀಟು ಬೀಳುವ ಕಲ್ಲು ಅದು. ನಮ್ಮ ಮನೆ ಕೆಲಸಕ್ಕೆ ಬರುವಾಕೆ ಮಾತ್ರ ಇದನ್ನು ಎತ್ತುವುದಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದಾಳೆ. ನ್ಯಾಯವೇ. ತುಂಬಿದ ಪಾತ್ರೆ ಏಳು ಕಿಲೋ ದಾಟುತ್ತೆ, ಹಿಡಿಕೆ ಅಂತ ಇರುವುದು ಎರಡು ಬೆರಳಗಲದ ಕಿವಿ. ಸೊಂಟ ನೋವು, ಕೈ ನೋವು ಇರುವವರು ಒಂದೂವರೆ ಲೀಟರಿನದು ನೋಡಿ. ಇಬ್ಬರಿಗೆ ಅದೇ ಸಾಕು. ಮುಚ್ಚಳ ಜೊತೆಗೆ ಬರುವುದಿಲ್ಲ. ಕಲ್ಲಿನ ಮುಚ್ಚಳಕ್ಕೆ ಬೇರೆ ದುಡ್ಡು ಕೇಳುತ್ತಾರೆ, ಬೇಡ, ಮನೆಯ ಸ್ಟೀಲ್ ತಟ್ಟೆ ಸಾಕು.

ಇಂಡಕ್ಷನ್ ಒಲೆ ಮಾತ್ರ ಇರುವವರು ಕೊಳ್ಳಬೇಡಿ, ಅದರ ಮೇಲೆ ಈ ಕಲ್ಲು ಬಿಸಿಯೇ ಆಗುವುದಿಲ್ಲ. ಗಾಜಿನ ಮೇಲ್ಮೈ ಇರುವ ಗ್ಯಾಸ್ ಒಲೆಯವರು ಇಷ್ಟು ಭಾರವನ್ನು ಒಲೆ ತಡೆಯುತ್ತಾ ಅಂತ ಮೊದಲು ವಿಚಾರಿಸಿ. ನಾನು ಆ ಗೋಜಿಗೇ ಹೋಗಲಿಲ್ಲ, ಹಿತ್ತಲಿನ ಹಳೇ ಎರಕದ ಕಬ್ಬಿಣದ ಒಲೆಯನ್ನು ತೊಳೆದು ಅದಕ್ಕೇ ಒಂದು ಪೈಪ್ ಎಳೆಸಿದೆ.